ಮನೆಯ ಹಿಟ್ಟು, ಭಟ್ಟಿಯ ಬೆಂಕಿ

ಪುಣೆಯಿಂದ ಹೈದರಾಬಾದಿಗೆ ಹೋಗುವ ಹಳೆಯ ಹೆದ್ದಾರಿಯ ಮೇಲೆ ಹುಮನಾಬಾದ್ ಇದೆ. ಅದೇ ದಾರಿಯಿಂದ ತುಸು ಬದಿಗೆ ಸರಿದರೆ ಬಸವಕಲ್ಯಾಣ. ಕಲ್ಯಾಣವೆಂದೊಡನೆ ಚಾಲುಕ್ಯ ಚಕ್ರವರ್ತಿಗಳೂ ಹನ್ನೆರಡನೆಯ ಶತಮಾನದ ಶರಣರೂ ನೆನಪಿಗೆ ಬರುವುದು ಸಹಜ. ಹುಮನಾಬಾದೆಂದರೆ ವೀರಭದ್ರೇಶ್ವರನ ಜಾತ್ರೆ, ಪಕ್ಕದ ಮಾಣಿಕನಗರದ ದತ್ತಜಯಂತಿ. ಇಂಥ ಊರುಗಳ ಇತಿಹಾಸವನ್ನು ಹೇಳಹೊರಟವನು ಬಿಸ್ಕತ್ತಿನ ಮಾತು ತೆಗೆದರೆ ಕೇಳುವವರಿಗೆ ನಗು ಬಂದೀತು. ಆದರೂ ನಾನಿಂದು ಹೇಳಬೇಕೆಂದಿರುವುದು ಈ ಊರುಗಳ ಮನೆಗಳಲ್ಲಿ ದೀಪಾವಳಿ, ರಮಜಾನ್, ಮದುವೆ, ಮುಂಜಿಗಳಿಗೆ ಡಬ್ಬಿ ತುಂಬಿಡುತ್ತಿದ್ದ, ಮಿಕ್ಕ ದಿನಗಳಲ್ಲಿ ಚಹಾದ ಜೊತೆಗೆ ಒಂದೊಂದಾಗಿ ಹೊರಬರುತ್ತಿದ್ದ ನಾನಖಟಾಯಿಯ ವಿಚಾರ.

ನಮ್ಮ ಕಡೆಯ ಹೆಣ್ಣುಮಕ್ಕಳು ಅದನ್ನು ‘ಮನ್ಯಾಗ ಮಾಡಿದ್ದು’ ಎಂದೇ ಹೇಳುತ್ತಿದ್ದರು. ಅಂಗಡಿಯಿಂದ ತಂದದ್ದಲ್ಲ ಎಂಬ ಹೆಮ್ಮೆ ಆ ಮಾತಿನಲ್ಲಿತ್ತು. ಆದರೆ ಅದನ್ನು ಬೇಯಿಸುವ ಒಲೆ ಮಾತ್ರ ಯಾರ ಮನೆಯಲ್ಲಿಯೂ ಇರಲಿಲ್ಲ. ಒಲೆಯೇ ಇಲ್ಲದ ಮನೆಯಲ್ಲಿ ತಯಾರಾದ ತಿನಿಸು ಮನೆಯದು ಹೇಗಾಯಿತು? ಈ ಸಣ್ಣ ಪ್ರಶ್ನೆಯ ಹಿಂದೆ ನಮ್ಮ ಭಾಗದ ಸಾಕಷ್ಟು ಇತಿಹಾಸ ಅಡಗಿದೆ.

ಮೊದಲು ಪದ್ಧತಿಯನ್ನು ವಿವರಿಸುತ್ತೇನೆ. ಒಂದು ಕಿಲೋ ಮೈದಾಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ತುಪ್ಪ ಅಥವಾ ವನಸ್ಪತಿ, ಅಷ್ಟೇ ತೂಕದ ಬೀಸಿದ ಸಕ್ಕರೆ, ಚಿಟಿಕೆ ಸೋಡಾ, ಯಾಲಕ್ಕಿ ಪುಡಿ; ಅನುಕೂಲವಿದ್ದವರು ಕೊಂಚ ರವೆ, ಕೊಂಚ ಕಡಲೆಹಿಟ್ಟು ಸೇರಿಸುತ್ತಿದ್ದರು. ದೊಡ್ಡ ಪರಾತದಲ್ಲಿ ತುಪ್ಪ ಸಕ್ಕರೆಗಳನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ಬೆಣ್ಣೆಯಂತೆ ಬೆಳ್ಳಗೆ ಮಾಡುವುದೇ ಮುಖ್ಯ ಕೆಲಸ. ಆ ಬಳಿಕ ಹಿಟ್ಟನ್ನು ಬೆರೆಸಿ, ಹೆಚ್ಚು ನಾದದೆ, ಬಟ್ಟೆ ಮುಚ್ಚಿ, ಓಣಿಯಾಚೆಯ ಭಟ್ಟಿಗೆ ಕಳಿಸುವುದು. ಹೊತ್ತೊಯ್ಯುವ ಕೆಲಸ ಸಾಮಾನ್ಯವಾಗಿ ಮನೆಯ ಹುಡುಗರದು. 1960ರ ದಶಕದ ಕೊನೆಗೆ ನಾನೂ ಹೊತ್ತಿದ್ದೇನೆ. ಭಟ್ಟಿಯವನು ಮುಸಲ್ಮಾನ, ಎಲ್ಲ ಹುಡುಗರಿಗೂ ಚಾಚಾ. ಒಂದು ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿ, ‘ಅವ್ವಗ ಹೇಳು, ತುಪ್ಪ ಜಾಸ್ತಿ ಆಗ್ಯದ, ತಗಡಿನ ಮ್ಯಾಗ ಹರೀತದ’ ಎಂದು ತೀರ್ಪು ಕೊಡುತ್ತಿದ್ದ. ಅವನ ತೀರ್ಪು ತಪ್ಪುತ್ತಿರಲಿಲ್ಲ. ಉಂಡೆ ಕಟ್ಟಿ ತಗಡಿನಲ್ಲಿ ಹೊಂದಿಸುವುದೂ, ಯಾರ ಹಿಟ್ಟು ಯಾರದೆಂದು ತಿಳಿಯಲು ಒಬ್ಬರದರ ಮೇಲೆ ಚಾರೋಳಿ, ಇನ್ನೊಬ್ಬರದರ ಮೇಲೆ ಶೇಂಗಾದ ಬೇಳೆ ಒತ್ತುವುದೂ ಅಲ್ಲಿಯೇ. ಬೇಯಿಸಿದ್ದಕ್ಕೆ ಕಿಲೋದ ಲೆಕ್ಕದಲ್ಲಿ ಕೂಲಿ.

ಭಟ್ಟಿಯ ಸರದಿ ಮಧ್ಯಾಹ್ನದ ಮೇಲೆಯೇ ಬರುತ್ತಿತ್ತು. ಅದಕ್ಕೆ ಕಾರಣವುಂಟು. ಇಟ್ಟಿಗೆಯ ಗುಮ್ಮಟದೊಳಗೆ ಕಟ್ಟಿಗೆ ಉರಿಸಿ, ಕೆಂಡ ಸರಿಸಿ, ಕಾದ ಇಟ್ಟಿಗೆಯ ಶಾಖದಿಂದಲೇ ಬೇಯಿಸುವ ಒಲೆ ಅದು. ಮೊದಲ ತೀವ್ರ ಶಾಖ ಪಾವಿಗೆ, ರೊಟ್ಟಿಗೆ ಬೇಕು. ಶಾಖ ಇಳಿಯುತ್ತ ಬಂದ ಹೊತ್ತಿನಲ್ಲಿ ಮಾತ್ರ ನಾನಖಟಾಯಿ ಕರಗದೆ, ಕಪ್ಪಾಗದೆ, ಮೇಲೆ ಬಿರುಕು ಬಿಟ್ಟು ಅರಳುತ್ತದೆ. ಅಂದರೆ ಓಣಿಯ ಹೆಂಗಸರ ಪಾಲಿಗೆ ಬರುತ್ತಿದ್ದುದು ಭಟ್ಟಿಯವನ ವ್ಯಾಪಾರ ಮುಗಿದು ಉಳಿದ ಬಿಸಿ. ಹೊಸದಾಗಿ ಕಟ್ಟಿಗೆ ಒಟ್ಟಬೇಕಾಗಿರಲಿಲ್ಲವಾದ್ದರಿಂದ ಕೂಲಿಯೂ ಕಡಿಮೆ.

ಹಾಗಾದರೆ ಇದು ಹೊರಗಿನಿಂದ ಬಂದ ವಿದ್ಯೆಯೇ? ಈ ಪ್ರಶ್ನೆಗೆ ಕಲ್ಯಾಣದಲ್ಲಿಯೇ ಅರ್ಧ ಉತ್ತರ ದೊರೆಯುತ್ತದೆ. ಇಲ್ಲಿಂದ ಆಳಿದ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ ಐದು ವಿಂಶತಿಗಳ, ನೂರು ಅಧ್ಯಾಯಗಳ ಗ್ರಂಥ. ಅದರ ಅನ್ನಭೋಗದ ಭಾಗದಲ್ಲಿ ಗೋದಿಯನ್ನು ತೊಳೆದು, ಒಣಗಿಸಿ, ಬೀಸಿ, ಜರಡಿ ಹಿಡಿಯುವಲ್ಲಿಂದ ವಿವರಣೆ ಇದೆ. ಕಾದ ಮಣ್ಣಿನ ಪಾತ್ರೆಯ ಮೇಲೆ ಬೇಯುವ ಮಂಡಕ, ಕೆಂಡದ ಮೇಲೆ ಬೇಯುವ ಅಂಗಾರಪೋಲಿಕಾ ಅಲ್ಲಿ ಬರುತ್ತವೆ. ಮಂಡಕವೇ ನಮ್ಮ ಮಂಡಿಗೆ. ಪೋಲಿಕೆಯ ಪಕಾರ ಹಕಾರವಾಗಿ ಹೋಳಿಗೆ. ಕನ್ನಡದ ವಿದ್ಯಾರ್ಥಿಗೆ ಪಕಾರ ಹಕಾರವಾಗುವ ನಿಯಮವನ್ನು ಕಲಿಸಲು ಇದಕ್ಕಿಂತ ರುಚಿಕರವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ಮುಚ್ಚಳ ರೊಟ್ಟಿಯೆಂಬುದೊಂದನ್ನು ಹೇಳುತ್ತಾನೆ: ಕೆಳಗೆ ಕೆಂಡ, ಮುಚ್ಚಳದ ಮೇಲೆಯೂ ಕೆಂಡ, ನಡುವೆ ಹಿಟ್ಟು. ಮೇಲೂ ಕೆಳಗೂ ಶಾಖ ಕೊಟ್ಟು ಬೇಯಿಸುವ ಕಲ್ಪನೆ ನಮ್ಮಲ್ಲಿ ಇತ್ತೆಂಬುದಕ್ಕೆ ಇದು ಸಾಕ್ಷಿ. ಪಾತ್ರೆಯಡಿಗೆ ಮರಳು ಹಾಸಿ, ಮುಚ್ಚಳದ ಮೇಲೆ ಕೆಂಡ ಹರಡಿ ಹತ್ತು ಹನ್ನೆರಡು ನಾನಖಟಾಯಿ ಬೇಯಿಸಿಕೊಳ್ಳುತ್ತಿದ್ದ ಮನೆಗಳಲ್ಲಿ ಮಂಗರಸನ ಉಪಾಯವೇ ಬದುಕಿತ್ತೆನ್ನಬಹುದು.

ಆದರೂ ಒಲೆಯೆಂಬ ಮನೆಯೊಳಗಿನ ಗುಮ್ಮಟ ನಮ್ಮಲ್ಲಿ ಬೆಳೆಯಲಿಲ್ಲ. ಕನ್ನಡದಲ್ಲಿ ಬೇಯಿಸು, ಸುಡು, ಹುರಿ, ಕರಿ ಎಂಬ ಮಾತುಗಳಿವೆ. ಮುಚ್ಚಿದ ಒಣಶಾಖದಲ್ಲಿ ಬೇಯಿಸುವುದಕ್ಕೆ ಪ್ರತ್ಯೇಕವಾದ ಕ್ರಿಯಾಪದ ಬಳಕೆಯಲ್ಲಿಲ್ಲ. ಬೀದರ ಸೀಮೆಯ ನಿತ್ಯದ ಅನ್ನ ಜೋಳದ ರೊಟ್ಟಿ. ಗೋದಿಯಂತೆ ಜಿಗಿಯದ ಆ ಹಿಟ್ಟನ್ನು ಬಡಿದು ಹೆಂಚಿನ ಮೇಲೆಯೇ ಬೇಯಿಸಬೇಕು. ಉರುವಲೋ ಕುಳ್ಳು, ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ. ಭಗ್ಗನೆ ಉರಿದು ಆರುವ ಈ ಬೆಂಕಿ ಹೆಂಚಿಗೂ ಬಾಣಲೆಗೂ ಸರಿ. ಗೋಡೆಯಷ್ಟು ಇಟ್ಟಿಗೆಯನ್ನು ಕಾಯಿಸಲು ಸಾಲದು. ಹೀಗಾಗಿ ನಮ್ಮ ಹಬ್ಬದ ತಿನಿಸುಗಳೆಲ್ಲ ಕರಿದವು: ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ. ಈ ಶಂಕರಪಾಳಿಗೂ ಶಂಕರನಿಗೂ ಸಂಬಂಧವಿಲ್ಲ. ಪಾರಸಿಯ ಶಕರ್‌ಪಾರಾ, ಎಂದರೆ ಸಕ್ಕರೆಯ ತುಂಡು, ನಮ್ಮ ಬಾಯಲ್ಲಿ ಶೈವದೀಕ್ಷೆ ಪಡೆಯಿತು.

ನಾನಖಟಾಯಿಯ ಹೆಸರೂ ಪಾರಸಿಯದೇ. ನಾನ್ ಎಂದರೆ ರೊಟ್ಟಿ. ಖತಾಯ್ ಎಂದರೆ ಚೀನಾ ದೇಶ. ಚೀನಾದಿಂದ ಬಂದ ತಿನಿಸೆಂದು ಇದರ ಅರ್ಥವಾಗಬೇಕಿಲ್ಲ. ದೂರದ, ಅಪರೂಪದ ವಸ್ತುವಿಗೆ ದೂರದೇಶದ ಹೆಸರು ಅಂಟುವುದು ಎಲ್ಲ ಭಾಷೆಗಳಲ್ಲಿಯೂ ಉಂಟು. ಸೂರತ್ತಿನವರು ಇದನ್ನು ತಮ್ಮದೆನ್ನುತ್ತಾರೆ. ಅಲ್ಲಿಯ ಡಚ್ಚರ ಒಲೆಗಳು ಪಾರಸಿ ಭಟ್ಟಿಯವರ ಕೈಗೆ ಬಂದವೆಂದೂ, ಅವರು ಒಣಗಿ ಉಳಿದ ಬ್ರೆಡ್ಡಿನ ಮಾರಾಟದಿಂದ ಆರಂಭಿಸಿ ಖಟಾಯಿಗೆ ಬಂದರೆಂದೂ ಅಲ್ಲಿಯ ಕಥೆ. ನಮ್ಮ ಭಾಗಕ್ಕೆ ಬಂದರೆ, ಬೀದರ್ 15ನೆಯ ಶತಮಾನದಲ್ಲಿ ಬಹಮನಿಗಳ ರಾಜಧಾನಿಯಾದ ಕಾಲದಿಂದ ಪಾರಸಿ ಮಾತು ನಮ್ಮ ನೆಲದಲ್ಲಿ ಹರಿದಿದೆ. ಮುಂದೆ ಕಲ್ಯಾಣ ನಿಜಾಮರ ಅಧೀನದ ನವಾಬರ ಜಹಗೀರಾಯಿತು. ಹೈದರಾಬಾದಿನ ಚಹಾದಂಗಡಿಗಳ ಉಸ್ಮಾನಿಯಾ ಬಿಸ್ಕತ್ತಿನ ಹೆಸರೂ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಂದ ಬಂದದ್ದೇ. ಹೆದ್ದಾರಿಯ ಪೂರ್ವದ ತುದಿಯಲ್ಲಿ ಬಿಸ್ಕತ್ತು ಹೀಗೆ ನಿರಾತಂಕವಾಗಿ ಚಹಾದಲ್ಲಿ ಮುಳುಗುತ್ತಿತ್ತು.

ಪಶ್ಚಿಮದ ತುದಿಯಲ್ಲಿ ನಡೆದದ್ದೇ ಬೇರೆ. 1890ರ ಅಕ್ಟೋಬರಿನಲ್ಲಿ ಪುಣೆಯ ಪಂಚಹೌದ್ ಮಿಶನ್ನಿನಲ್ಲಿ ಒಂದು ಸಭೆಯಾಯಿತು. ರಾನಡೆ, ಟಿಳಕರಾದಿಯಾಗಿ ಊರಿನ ಪ್ರಮುಖರು ನಲವತ್ತಕ್ಕೂ ಮಿಕ್ಕಿ ಹೋಗಿದ್ದರು. ಮಿಶನ್ನಿನವರು ಚಹಾ, ಬಿಸ್ಕತ್ತು ಕೊಟ್ಟರು. ಕೆಲವರು ಸೇವಿಸಿದರು, ಕೆಲವರು ಮುಟ್ಟಿ ಬದಿಗಿಟ್ಟರು. ಹೋದವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದವು. ವಿಚಾರಣೆ, ಬಹಿಷ್ಕಾರ, ಪ್ರಾಯಶ್ಚಿತ್ತಗಳ ತನಕ ಪ್ರಕರಣ ಬೆಳೆಯಿತು. ನ್ಯಾಯಾಧೀಶರಾಗಿದ್ದ ರಾನಡೆಯವರೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಎಂಟು ವರ್ಷಗಳ ತರುವಾಯ, 1898ರಲ್ಲಿ, ದಿಲ್ಲಿಯಲ್ಲಿ ಹಿಂದೂ ಬಿಸ್ಕತ್ತು ಕಂಪನಿಯೊಂದು ಹುಟ್ಟಿ, ಮೇಲ್ಜಾತಿಯವರ ಕೈಯಿಂದಲೇ ತಯಾರಾದುದೆಂಬುದನ್ನೇ ತನ್ನ ಸರಕಿನ ಗುಣವೆಂದು ಸಾರಿತು. ಬಿಸ್ಕತ್ತಿನ ಭಯ ಎಷ್ಟಿತ್ತೆಂಬುದಕ್ಕೆ ಇಷ್ಟು ಸಾಕು.

ಈ ಎರಡು ತುದಿಗಳ ನಡುವೆ ನಿಂತ ಹುಮನಾಬಾದ್, ಕಲ್ಯಾಣಗಳ ಗೃಹಿಣಿ ಏನು ಮಾಡಿದಳು? ನನ್ನ ದೃಷ್ಟಿಯಲ್ಲಿ ಅವಳು ಕಂಡುಕೊಂಡ ದಾರಿ ಪುಣೆಯ ಪಂಡಿತರ ದಾರಿಗಿಂತ ಜಾಣತನದ್ದು. ಮಡಿವಂತ ಮನೆಗಳಲ್ಲಿ ನೀರು ಹಾಕಿ ಬೇಯಿಸಿದ ಅನ್ನ, ರೊಟ್ಟಿ ಮುಸುರೆ. ಹಾಲು ತುಪ್ಪದಲ್ಲಿ ಕಲಸಿದ್ದಕ್ಕೆ, ಕರಿದುದಕ್ಕೆ ಆ ದೋಷವಿಲ್ಲ. ಪ್ರಯಾಣಕ್ಕೆ, ಉಪವಾಸಕ್ಕೆ ಆಗುವ ಫಲಾಹಾರವೇ ಈ ಗಡಿನಾಡಿನ ದೀಪಾವಳಿಯ ಫರಾಳವಾದದ್ದು. ಈಗ ನಾನಖಟಾಯಿಯ ಸಾಮಗ್ರಿಯನ್ನು ಇನ್ನೊಮ್ಮೆ ನೆನೆಯಿರಿ. ಅದರಲ್ಲಿ ಒಂದು ತೊಟ್ಟು ನೀರಿಲ್ಲ! ನೀರಿಲ್ಲದ್ದರಿಂದಲೇ ಮೈದಾದ ಜಿಗುಟು ಎಳೆಗಟ್ಟದೆ ತಿನಿಸು ಬಾಯಲ್ಲಿ ಕರಗುತ್ತದೆ. ನೀರಿಲ್ಲದ್ದರಿಂದಲೇ ಅದು ಮುಸುರೆಯಾಗದೆ ಓಣಿ ದಾಟಿ ಹೋಗಿ ಬರಬಲ್ಲದು. ಹಿಟ್ಟು ನಮ್ಮದು, ತುಪ್ಪ ನಮ್ಮದು, ಕಲಸಿದ ಕೈ ನಮ್ಮದು, ಬೆಂಕಿಗೆ ಜಾತಿಯಿಲ್ಲ ಎಂಬುದು ಅವಳ ವಾದ. ಇದನ್ನು ಯಾವ ಸಭೆಯೂ ನಿರ್ಣಯಿಸಲಿಲ್ಲ, ಯಾವ ಸ್ವಾಮಿಗಳೂ ಅಪ್ಪಣೆ ಕೊಡಲಿಲ್ಲ.

ಇದು ಪೂರ್ಣ ಸಮಾನತೆಯ ಆಚರಣೆಯಾಗಿತ್ತೆಂದು ನಾನು ಹೇಳಲಾರೆ. ಭಟ್ಟಿಯ ಪಾವನ್ನು ಒಳಗೆ ಬಿಟ್ಟುಕೊಳ್ಳದ ಮನೆಗಳು ಅದೇ ಭಟ್ಟಿಯ ನಾನಖಟಾಯಿಯನ್ನು ಡಬ್ಬಿಗೆ ತುಂಬುತ್ತಿದ್ದವು. ದಲಿತರ ಓಣಿಯ ಹಿಟ್ಟಿಗೆ ಅದೇ ತಗಡಿನಲ್ಲಿ ಅಷ್ಟು ಸಲೀಸಾಗಿ ಜಾಗ ಸಿಗುತ್ತಿತ್ತೇ ಎಂದು ಕೇಳಿದರೆ ನಮ್ಮ ಹೆಮ್ಮೆ ತುಸು ಕುಗ್ಗಬೇಕಾಗುತ್ತದೆ. ಶರಣರ ಕಲ್ಯಾಣದಲ್ಲಿ ಇದು ವಿಪರ್ಯಾಸವೇ ಸರಿ. ಉಳ್ಳಿಯನ್ನು ಬಸವಣ್ಣನವರು ಹೀನವೆಂದು ಆಡಿದ ಮಾತಿಗೆ ಕಿನ್ನರಿ ಬೊಮ್ಮಯ್ಯ ನೊಂದು ದೂರ ಸರಿದನೆಂದೂ, ಅವನನ್ನು ಒಲಿಸಲು ಅವರು ಆ ಉಳ್ಳಿಗೇ ಉತ್ಸವದ ಗೌರವ ಸಲ್ಲಿಸಿದರೆಂದೂ ಪುರಾಣಗಳು ಹೇಳುತ್ತವೆ. ಒಬ್ಬನ ಆಹಾರವನ್ನು ಹಳಿದರೆ ಅವನನ್ನೇ ಹಳಿದಂತೆ ಎಂಬ ಅರಿವು ಈ ಊರಿಗೆ ಹೊಸದೇನಲ್ಲ.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಬಾರದು. 1947-48ರಲ್ಲಿ ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೇ ಮುಸಲ್ಮಾನರ ಮೇಲೆ ನಡೆದ ಹತ್ಯೆಗಳು, ಇವುಗಳಿಂದ ಬಹಳ ನೊಂದ ಜಿಲ್ಲೆಗಳಲ್ಲಿ ಬೀದರ್ ಒಂದು. ಪಂಡಿತ್ ಸುಂದರಲಾಲರ ಸಮಿತಿಯ ವರದಿಯೂ ಇದನ್ನೇ ಹೇಳಿತು. ನಾನು ಪರಾತ ಹೊತ್ತು ಭಟ್ಟಿಗೆ ಹೋಗುತ್ತಿದ್ದುದು ಇದೆಲ್ಲ ನಡೆದು ಇಪ್ಪತ್ತು ವರ್ಷವಷ್ಟೇ ಆಗಿದ್ದಾಗ. ಎರಡೂ ಕಡೆಯ ಹಿರಿಯರಿಗೆ ಎಲ್ಲವೂ ನೆನಪಿತ್ತು. ಆದರೂ ತುಂಬಿದ ಪರಾತವನ್ನು ಹುಡುಗನ ತಲೆಯ ಮೇಲಿಟ್ಟು ಆ ಓಣಿಗೆ ಕಳಿಸುತ್ತಿದ್ದ ತಾಯಂದಿರೂ, ಹಿಟ್ಟಿನ ಹದ ಹೇಳಿ ಕಳಿಸುತ್ತಿದ್ದ ಚಾಚಾನೂ ಆ ಬಗ್ಗೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ಹಬ್ಬ ಬಂದಿತ್ತು, ಭಟ್ಟಿಯಲ್ಲಿ ಬಿಸಿ ಉಳಿದಿತ್ತು.

ತುಪ್ಪದ ತಿನಿಸು ಬಡವರ ಮನೆಗೂ ಬಂದುದಕ್ಕೆ ಕಾರಣಗಳು ಬೇರೆ. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂದಿತು. ತುಪ್ಪಕ್ಕಿಂತ ಅಗ್ಗ, ಬೇಗ ಕೆಡದು, ಖಟಾಯಿಯನ್ನು ತುಪ್ಪಕ್ಕಿಂತ ಚೆನ್ನಾಗಿ ಅರಳಿಸುತ್ತದೆ. ವಾಸನೆಯೊಂದನ್ನು ಬಿಟ್ಟರೆ ತಕರಾರಿಲ್ಲ. 1956ರಿಂದ ಅಮೆರಿಕದ ಗೋದಿ ನಮ್ಮ ದೇಶಕ್ಕೆ ದೊಡ್ಡ ಪ್ರಮಾಣದಲ್ಲಿ ಬರತೊಡಗಿ, ಜೋಳದ ನಾಡಿನ ಸಣ್ಣ ಊರುಗಳಿಗೂ ಮೈದಾ ಸುಲಭವಾಯಿತು. ಅದೇ ವರ್ಷ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಬೆಂಗಳೂರಿನ ಕಡೆ ಮುಖಮಾಡಿದರೂ ಚಹಾದ ತಟ್ಟೆ ಹೈದರಾಬಾದಿನ ಕಡೆಗೇ ಉಳಿಯಿತು.

ಈಗ ಕಾಲ ಬದಲಾಗಿದೆ. ವಿದ್ಯುತ್ತಿನ ಓವನ್ನು ಎಷ್ಟೋ ಮನೆಗಳಿಗೆ ಬಂದಿದೆ. ಸೊಸೆಯಂದಿರು ಫೋನಿನಲ್ಲಿ ನೋಡಿ ಕಲಿತು, ಬೆಣ್ಣೆ, ಓಟ್ಸ್, ಚಾಕೊಲೇಟು ಹಾಕಿ ಕುಕೀಸ್ ಮಾಡುತ್ತಾರೆ. ಅಂದಹಾಗೆ, ಕುಕಿ ಎಂಬ ಮಾತೂ ಡಚ್ಚರದೇ. ರುಚಿಗೆ ಕೊರತೆಯಿಲ್ಲ, ನಾನೂ ತಿನ್ನುತ್ತೇನೆ. ಒಲೆ ಮನೆಯೊಳಗೆ ಬಂದಿರುವುದರಿಂದ ‘ಮನೆಯಲ್ಲಿ ಮಾಡಿದ್ದು’ ಎಂಬ ಮಾತು ಅಕ್ಷರಶಃ ನಿಜವಾಗಿರುವುದು ಈಗಲೇ. ಆದರೆ ಆ ಓವನ್ನಿನ ತಟ್ಟೆಗೆ ಹಿಡಿಯುವುದು ಹದಿನೈದು ಇಪ್ಪತ್ತು. ಮನೆಯವರು ತಿನ್ನುವಷ್ಟೇ ಬೇಯುತ್ತದೆ. ಭಟ್ಟಿಗೆ ಒಯ್ಯುವಾಗ ನಾಲ್ಕೈದು ಕಿಲೋಕ್ಕೆ ಕಡಿಮೆ ಕಲಸಿದರೆ ತಲೆಹೊರೆಯೇ ದಂಡ; ಆದ್ದರಿಂದ ತಿಂದು, ಹಂಚಿ, ಬೀಗರಿಗೆ ಕಟ್ಟಿಕೊಟ್ಟು ಇನ್ನೂ ಡಬ್ಬಿಯಲ್ಲಿ ಉಳಿಯುತ್ತಿತ್ತು. ಭಟ್ಟಿಯಲ್ಲಿಯೂ ಈಗ ಸಿದ್ಧಪಡಿಸಿದ ಖಟಾಯಿಯನ್ನೇ ತೂಗಿ ಕೊಡುತ್ತಾರೆ. ಹಬ್ಬದ ಹಿಂದಿನ ದಿನ ಹಿಟ್ಟು ಒಯ್ದವರನ್ನು ಮೊದಲು ಕೇಳುವುದು, ‘ಎಷ್ಟು ಕಿಲೋ ಅದ?’ ಎಂದು. ಕಡಿಮೆಯಿದ್ದರೆ ಪಕ್ಕದ ಮನೆಯವರದನ್ನೂ ಕೂಡಿಸಿ ತರಲು ಹೇಳುತ್ತಾರೆ.