ಹಳ್ಳಿಗೆ ನೆಟ್‌ವರ್ಕ್ ಕೊಡೋ ಹೊಣೆ ಯಾರದು? ದುಡ್ಡು ಎಲ್ಲಿಂದ? ನಾವು ಏನು ಕೇಳಬಹುದು?

ಉಚ್ಚಂಗಿದುರ್ಗ (ಹರಪನಹಳ್ಳಿ ತಾ.): ಹುಣ್ಣಿಮೆ ದಿನ ಉಚ್ಚಂಗೆಮ್ಮನ ಗುಡ್ಡಕ್ಕೆ ಜನ ಸೇರಿದ್ರೆ ಕಾಯಿ, ಹೂವಿನ ಅಂಗಡಿಯವರಿಗೆ ಒಂದೇ ಚಿಂತೆ, ನೆಟ್‌ವರ್ಕ್. ಗಿರಾಕಿ 'ದುಡ್ಡು ಹೋಗಿದೆ' ಅಂತಾನೆ, ಅಂಗಡಿಯ ಸೌಂಡ್‌ಬಾಕ್ಸ್ ಬಾಯೇ ಬಿಡಲ್ಲ. ಕೊನೆಗೆ ನಷ್ಟ ಅಂಗಡಿಯವರಿಗೇ. ಈ ಬಗ್ಗೆ ಕಾನೂನು ಏನು ಹೇಳುತ್ತೆ? ಇಲ್ಲಿದೆ ಮಾಹಿತಿ.

ನಿಧಿ ಬಂದದ್ದು ಹೇಗೆ?
ಲಾಭ ಇಲ್ಲದ ಹಳ್ಳಿಗೆ ಕಂಪನಿಗಳು ತಾವಾಗಿ ಬರಲ್ಲ. ಅದಕ್ಕೇ 1999ರ ಟೆಲಿಕಾಂ ನೀತಿಯಂತೆ 2002ರ ಏಪ್ರಿಲ್ 1ರಿಂದ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಶುರುವಾಯ್ತು. 2003ರ ತಿದ್ದುಪಡಿಯಿಂದ ಕಾನೂನಿನ ಬಲ ಸಿಕ್ಕಿತು. ಕಂಪನಿಗಳು ತಮ್ಮ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ ಶೇ 5ರಷ್ಟು ಇದಕ್ಕೆ ಕಟ್ಟಬೇಕು. ಅಂದ್ರೆ ನಮ್ಮ ರೀಚಾರ್ಜ್ ದುಡ್ಡೂ ಅದರಲ್ಲಿದೆ.

ಏನು ಬದಲಾಯ್ತು?
ಮೊದಲು ಗುರಿ ಊರಿಗೊಂದು ಸಾರ್ವಜನಿಕ ಫೋನ್. 2011ರಲ್ಲಿ ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿತು, ಅದೇ ಈಗಿನ ಭಾರತ್‌ನೆಟ್. 2022ರ ಜುಲೈನಲ್ಲಿ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂ. ಮಂಜೂರಾಯ್ತು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ನಿಧಿಯ ಹೆಸರು ಡಿಜಿಟಲ್ ಭಾರತ್ ನಿಧಿ ಆಯ್ತು, 2024ರ ಆಗಸ್ಟ್‌ನಲ್ಲಿ ನಿಯಮ ಬಂತು.

ತೊಡಕು ಎಲ್ಲಿ?
ಸಿಗ್ನಲ್ಲೇ ಇಲ್ಲದ ಊರಿಗೆ ಟವರ್ ಹಾಕೋದು ಒಂದು ಮಾತು. ಇರೋ ಟವರ್ ಜಾತ್ರೆ ದಿನ ಜನರ ಭಾರ ತಡ್ಕೊಳ್ಳೋದು ಬೇರೆ ಮಾತು. ನಿಧಿಯ ದುಡ್ಡು ಹೆಚ್ಚಾಗಿ ಮೊದಲನೆಯದಕ್ಕೆ. ಎರಡನೆಯದು ಸೇವಾ ಗುಣಮಟ್ಟದ ವಿಷಯ, ಅದನ್ನ ನೋಡೋದು ಟ್ರಾಯ್.

ನೀವು ಏನು ಮಾಡಬಹುದು?
* ನಿಮ್ಮ ಕಂಪನಿಯ 198ಕ್ಕೆ ಉಚಿತವಾಗಿ ಕರೆ ಮಾಡಿ ದೂರು ಕೊಡಿ. ಡಾಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.
* 2024ರ ಟ್ರಾಯ್ ನಿಯಮದಂತೆ ಕಂಪನಿಗಳು ಎಲ್ಲೆಲ್ಲಿ ಸಿಗ್ನಲ್ ಇದೆ ಅನ್ನೋ ನಕ್ಷೆಯನ್ನ ತಮ್ಮ ಜಾಲತಾಣದಲ್ಲಿ ಹಾಕಬೇಕು. ನಕ್ಷೆಯಲ್ಲಿ ಇದ್ದು ಊರಲ್ಲಿ ಇಲ್ಲ ಅಂದ್ರೆ ಅದನ್ನೇ ದೂರಲ್ಲಿ ಹೇಳಿ.
* ಪಂಚಾಯ್ತಿ ಕೇಂದ್ರವಲ್ಲದ ಹಳ್ಳಿಗೂ ಬೇಡಿಕೆ ಇದ್ರೆ ಫೈಬರ್ ಕೊಡಲು 2023ರ ತಿದ್ದುಪಡಿ ಭಾರತ್‌ನೆಟ್‌ನಲ್ಲಿ ಅವಕಾಶವಿದೆ. ಗ್ರಾಮಸಭೆಯಲ್ಲಿ ಕೇಳಿ, ಠರಾವು ಬರೆಸಿ.

ಕಟ್ಟೆ ಮೇಲೆ ಕೂತು ಬೈದದ್ದು ಯಾವ ಲೆಕ್ಕಕ್ಕೂ ಬರಲ್ಲ. ಡಾಕೆಟ್ ಸಂಖ್ಯೆ ಇದ್ರೆ ಲೆಕ್ಕಕ್ಕೆ ಬರುತ್ತೆ. ಮುಂದಿನ ಹುಣ್ಣಿಮೆಗೆ ಮುಂಚೆನೇ ಕೊಡಿ.