ಆಲೂಗಡ್ಡೆಯ ಗುಡ್ಡೆ, ರಾಗಿಯ ಹಗೇವು

ಐರ್ಲೆಂಡಿನ ಮಹಾಕ್ಷಾಮದ ಮಾತು ಬಂದಾಗ ‘ಆಲೂಗಡ್ಡೆಯೊಂದನ್ನೇ ನಂಬಿ ಕೆಟ್ಟರು’ ಎಂದು ಹೇಳಿ ಮುಗಿಸುವುದುಂಟು. ಅಲ್ಲಿನ ರೈತರು ಬೆಳೆಯುತ್ತಿದ್ದ ಮತ್ತು ಕೂಡಿಡುತ್ತಿದ್ದ ಕ್ರಮವನ್ನು ಓದಿದ ಮೇಲೆ ಆ ಮಾತು ಅರ್ಧ ಸತ್ಯವೆಂದು ನನಗೆ ಅನಿಸಿತು.

ಅವರ ಬೇಸಾಯಕ್ಕೆ ಇಂಗ್ಲಿಷಿನಲ್ಲಿ ‘ಲೇಜಿ ಬೆಡ್’, ಅಂದರೆ ಸೋಮಾರಿ ಮಡಿ ಎಂಬ ಹೆಸರು. ನೆಲವನ್ನು ಉಳುತ್ತಿರಲಿಲ್ಲ, ನಿಜ. ಹುಲ್ಲಿನ ಮೇಲೆಯೇ ಕೊಟ್ಟಿಗೆ ಗೊಬ್ಬರವನ್ನೋ ಕಡಲ ಪಾಚಿಯನ್ನೋ ಹರಡಿ, ಕಣ್ಣು ಉಳಿಯುವಂತೆ ಕತ್ತರಿಸಿದ ಬಿತ್ತನೆ ಗಡ್ಡೆಗಳನ್ನು ಇಡುತ್ತಿದ್ದರು. ಎರಡೂ ಬದಿಯ ಹುಲ್ಲುಹೆಂಟೆಗಳನ್ನು ಸಲಿಕೆಯಿಂದ ಎತ್ತಿ ಅದರ ಮೇಲೆ ಮಗುಚುತ್ತಿದ್ದರು. ಮಡಿ ಎತ್ತರವಾಗುತ್ತಿತ್ತು, ಪಕ್ಕದ ಕಾಲುವೆಯಲ್ಲಿ ನೀರು ಬಸಿದು ಹೋಗುತ್ತಿತ್ತು. ನೇಗಿಲು ಹೋಗದ ಜೌಗು ನೆಲ, ಬೆಟ್ಟದ ಇಳಿಜಾರುಗಳಲ್ಲೂ ಹೀಗೆ ಬೆಳೆ ತೆಗೆದರು. ಇದು ಸೋಮಾರಿಗಳ ಕೆಲಸವಲ್ಲ.

ಅಗೆದ ಗಡ್ಡೆಗಳನ್ನು ಹೊಲದಲ್ಲೇ ಗುಡ್ಡೆ ಹಾಕಿ, ಹುಲ್ಲು ಹೊದಿಸಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಮಳೆ, ಹಿಮ, ಬೆಳಕು ಒಳಗೆ ಹೋಗುತ್ತಿರಲಿಲ್ಲ. ಚಳಿಗಾಲವಿಡೀ ಬೇಕಾದಷ್ಟನ್ನೇ ತೆಗೆದು ಬೇಯಿಸುತ್ತಿದ್ದರು. ಆದರೆ ಬೇಸಿಗೆಯ ಹೊತ್ತಿಗೆ ಗಡ್ಡೆ ಮೊಳೆತು ಕೆಡುತ್ತಿತ್ತು. ಹೊಸ ಬೆಳೆ ಬರುವವರೆಗೆ ಬಡವರಿಗೆ ಪ್ರತಿ ವರ್ಷವೂ ಅರೆಹೊಟ್ಟೆ.

1845ರಲ್ಲಿ ಅಂಗಮಾರಿ ರೋಗ ಬಂತು. ಅಗೆಯುವಾಗ ಚೆನ್ನಾಗಿ ಕಂಡ ಗಡ್ಡೆಗಳೂ ಗುಡ್ಡೆಯೊಳಗೆ ಕೊಳೆತವು. ಬಡವರ ಹೊಲಗಳಲ್ಲಿ ಹೆಚ್ಚಾಗಿ ಇದ್ದದ್ದು ‘ಲಂಪರ್’ ಎಂಬ ಒಂದೇ ತಳಿ. ಗಡ್ಡೆಯಿಂದಲೇ ಗಡ್ಡೆ ಬೆಳೆಸುವುದರಿಂದ ಎಲ್ಲವೂ ಒಂದೇ ಗುಣದವು; ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲಿತು. 1846ರಲ್ಲಿ ಹೆಚ್ಚುಕಡಿಮೆ ಇಡೀ ಬೆಳೆಯೇ ಹೋಯಿತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ಕ್ಕೆ ಸುಮಾರು 65 ಲಕ್ಷಕ್ಕೆ ಇಳಿಯಿತು.

ಸಾಫ್ಟ್‌ವೇರ್ ಎಂಜಿನಿಯರ್ ಆದ ನನಗೆ, ಮಾಹಿತಿಯ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕೆಂಬುದು ವೃತ್ತಿಯ ಮೊದಲ ಪಾಠ. ನಮ್ಮ ಹಿರಿಯರ ಹಗೇವು ಅಂಥದ್ದೇ. ನೆಲದೊಳಗಿನ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿದು, ಬರಗಾಲಕ್ಕೆ ಒದಗುತ್ತಿತ್ತು. ಐರ್ಲೆಂಡಿನ ರೈತನೂ ಓಟ್ಸ್ ಧಾನ್ಯ ಬೆಳೆಯುತ್ತಿದ್ದ; ಆದರೆ ಅದು ಜಮೀನ್ದಾರನ ಗೇಣಿಗೆ ಹೋಗುತ್ತಿತ್ತು. ಕ್ಷಾಮದ ವರ್ಷಗಳಲ್ಲೂ ಆ ದೇಶದಿಂದ ಧಾನ್ಯ ಹೊರಗೆ ಸಾಗಿತು. ಅವನಿಗೆ ಕೂಡಿಡುವ ಜಾಣ್ಮೆ ಇತ್ತು, ಕೂಡಿಡಬಲ್ಲ ಧಾನ್ಯ ಕೈಯಲ್ಲಿ ಉಳಿಯಲಿಲ್ಲ.

ಹಗೇವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈಗ ಓದುತ್ತಿರುವ ವಿದ್ಯಾರ್ಥಿಗಳು ಅದರ ಅಳತೆ, ತೋಡುವ ಕ್ರಮ, ಬಾಯಿ ಮುಚ್ಚುವ ರೀತಿಯನ್ನು ಅವರಿಂದ ಕೇಳಿ ಬರೆದಿಡಲಿ. ಅದೂ ಇತಿಹಾಸದ ಪಾಠವೇ.