ಜೂನ್ ಒಂದರ ಮುತ್ತು

ತುರುವೇಕೆರೆ ತಾಲೂಕಿನ ದಬ್ಬೇಘಟ್ಟದ ಕಡೆ ನಮ್ಮ ಬಂಧುವೊಬ್ಬರ ಮನೆಯಲ್ಲಿ ಮದುವೆಯ ಮಾತುಕತೆ ನಡೆದಿತ್ತು. ಹಿರಿಯರು ದಿನ ಗೊತ್ತುಪಡಿಸುತ್ತಿದ್ದಾಗ ಹುಡುಗಿಯ ತಮ್ಮ ಜೇಬಿನಿಂದ ಒಂದು ಚೀಟಿ ತೆಗೆದ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ; ಒಡವೆ ಅಂಗಡಿಯಲ್ಲಿ ಸಿಕ್ಕಿದ ಚೀಟಿ. ಯಾವ ತಿಂಗಳಲ್ಲಿ ಹುಟ್ಟಿದವರಿಗೆ ಯಾವ ಹರಳು, ಯಾವ ಹೂವು, ಅದು ಯಾವ ಗುಣದ ಸಂಕೇತ ಎಂಬುದೆಲ್ಲ ಅದರಲ್ಲಿ ಅಚ್ಚಾಗಿತ್ತು. ಕೂತವರನ್ನೆಲ್ಲ ಒಬ್ಬೊಬ್ಬರಾಗಿ ಹುಟ್ಟಿದ ತಿಂಗಳು ಕೇಳುತ್ತ ಬಂದ. ಅವನ ಅಬ್ಬಾಗೆ ಜೂನ್, ಅಂದರೆ ಮುತ್ತು ಮತ್ತು ಗುಲಾಬಿ. ಬಡೇ ಅಬ್ಬಾಗೂ ಜೂನ್. ಚಾಚಾಗೂ ಜೂನ್. ಪಕ್ಕದ ತೋಟದಿಂದ ಬಂದು ಕೂತಿದ್ದ ನಿವೃತ್ತ ಮೇಷ್ಟ್ರಿಗೂ ಜೂನ್. ಹುಡುಗ ತಬ್ಬಿಬ್ಬಾದ. ಮೇಷ್ಟ್ರು ನಕ್ಕರು: "ಜೂನ್ ಒಂದನೇ ತಾರೀಕು ನಮ್ಮನ್ನ ಹೆತ್ತೋರು ಅವ್ವ ಅಲ್ಲ ಕಣಪ್ಪ, ಹೆಡ್‌ಮೇಷ್ಟ್ರು!"

ಹಳ್ಳಿಗಾಡಿನ ಶಾಲೆಯಲ್ಲಿ ಓದಿದ ಹಿಂದಿನ ತಲೆಮಾರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆಗೆ ತಾರೀಕು ಗೊತ್ತಿರುತ್ತಿರಲಿಲ್ಲ. ಮೇಷ್ಟ್ರು ಮಗುವಿನ ಎತ್ತರ ನೋಡಿ ವರ್ಷ ಅಂದಾಜು ಮಾಡಿ, ಶಾಲೆ ಶುರುವಾಗುವ ತಿಂಗಳ ಮೊದಲ ದಿನವನ್ನು ಬರೆದುಬಿಡುತ್ತಿದ್ದರು. ಅದೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಸೇವಾ ಪುಸ್ತಕಕ್ಕೆ ಹೋಯಿತು. ತಿಂಗಳ ಒಂದನೇ ತಾರೀಕು ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ನಿಯಮ. ಹಾಗಾಗಿ ಪ್ರತಿ ಮೇ 31ರಂದು ನಮ್ಮ ಕಚೇರಿಗಳಲ್ಲಿ ಹಾರ ತುರಾಯಿಗಳ ಸುಗ್ಗಿ. ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಅದು ಊರೂರಿಗೆ ಇಳಿದು, ಹೆರಿಗೆ ಆಸ್ಪತ್ರೆಯಲ್ಲೇ ಆಗುವುದು ವಾಡಿಕೆಯಾಗುವ ತನಕ ನಮ್ಮಲ್ಲಿ ಅನೇಕರ ಹುಟ್ಟಿದ ಹಬ್ಬ ಕಾಗದದ್ದೇ ಆಗಿತ್ತು.

ಹಾಗೆಂದು ಹುಟ್ಟನ್ನು ಯಾರೂ ನೆನಪಿಟ್ಟಿರಲಿಲ್ಲ ಎಂದಲ್ಲ. ರೋಹಿಣಿ ಮಳೆ ಹಿಡಿದಿದ್ದಾಗ, ರಾಗಿ ಕೊಯ್ಲಿನ ಹೊತ್ತಿಗೆ, ಕೆರೆ ಕೋಡಿ ಬಿದ್ದ ವರ್ಷ, ಊರಮ್ಮನ ಜಾತ್ರೆಯ ಮಾರನೇ ದಿನ, ರಮಝಾನಿನ ಇಪ್ಪತ್ತೇಳನೇ ರಾತ್ರಿ, ಹೀಗೆ ಹೇಳುತ್ತಿದ್ದರು. ಹೊಲದ ಕೆಲಸಕ್ಕೆ ಮಳೆ ನಕ್ಷತ್ರ, ಹಬ್ಬಕ್ಕೆ ಚೈತ್ರ ವೈಶಾಖ, ಮುಸ್ಲಿಮರ ಮನೆಯಲ್ಲಿ ಮುಹರ್ರಮ್ ಸಫರ್. ಇಷ್ಟೂ ಪಂಚಾಂಗಗಳು ಒಂದೇ ಬೀದಿಯಲ್ಲಿ ಬಾಳಿದ್ದವು. ಇವುಗಳಲ್ಲಿ ಹಿಜರಿ ತಿಂಗಳಿಗಂತೂ ಹೂವು ಗೊತ್ತುಮಾಡುವಂತೆಯೇ ಇಲ್ಲ. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಅದು ಋತುಗಳ ಮೇಲೆ ಹಿಂದಕ್ಕೆ ಜರುಗುತ್ತ ಸುಮಾರು 33 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. ರಮಝಾನಿನಲ್ಲಿ ಹುಟ್ಟಿದ ಮಗುವಿಗೆ ಒಮ್ಮೆ ಮಾವಿನ ಹೂವಾದರೆ ಇನ್ನೊಮ್ಮೆ ಹುಚ್ಚೆಳ್ಳಿನ ಹೂವು.

ಹಾಗಾದರೆ ಆ ಚೀಟಿಯ ಹನ್ನೆರಡು ಹರಳುಗಳು ಎಲ್ಲಿಂದ ಬಂದವು? ಬೇರು ಹಳೆಯದೇ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ಪ್ರವಾದಿ ಮೂಸಾ(ಅ)ರ ಸಹೋದರ ಹಾರೂನರ ಎದೆಕವಚದಲ್ಲಿ ಹನ್ನೆರಡು ರತ್ನಗಳಿದ್ದವೆಂದೂ ಅವು ಇಸ್ರಾಯೀಲರ ಹನ್ನೆರಡು ಕುಲಗಳ ಹೆಸರಿನವೆಂದೂ ವಿವರವಿದೆ. ಕ್ರಿ.ಶ. ಒಂದನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಆ ಹನ್ನೆರಡನ್ನು ತಿಂಗಳುಗಳಿಗೂ ರಾಶಿಗಳಿಗೂ ಹೋಲಿಸಿದ. ಅದನ್ನೋದಿದ ಕೆಲವರು ಹನ್ನೆರಡು ಹರಳುಗಳನ್ನೂ ಇಟ್ಟುಕೊಂಡು ತಿಂಗಳಿಗೊಂದನ್ನು ಧರಿಸುತ್ತಿದ್ದರಂತೆ. ತಾನು ಹುಟ್ಟಿದ ತಿಂಗಳಿನ ಒಂದೇ ಹರಳನ್ನು ವರ್ಷವಿಡೀ ಧರಿಸುವ ರೂಢಿ ಬಹಳ ಈಚಿನದು. ಅದು 18ನೇ ಶತಮಾನದ ಪೋಲೆಂಡಿನಲ್ಲಿ ಆರಂಭವಾಯಿತೆಂದು ಅಮೆರಿಕದ ರತ್ನತಜ್ಞ ಜಾರ್ಜ್ ಕುಂಜ್ 1913ರಲ್ಲಿ ಬರೆದರು.

ಇಂದು ಎಲ್ಲೆಡೆ ಓಡಾಡುವ ಪಟ್ಟಿಗೆ ಕುಲಗಳೂ ಕಾರಣವಲ್ಲ, ಗ್ರಹಗಳೂ ಕಾರಣವಲ್ಲ. 1912ರಲ್ಲಿ ಅಮೆರಿಕದ ಕಾನ್ಸಾಸ್ ನಗರದಲ್ಲಿ ಸೇರಿದ ಒಡವೆ ವ್ಯಾಪಾರಿಗಳ ರಾಷ್ಟ್ರೀಯ ಸಂಘ ಅದನ್ನು ನಿಗದಿ ಮಾಡಿತು. ಏಪ್ರಿಲ್‌ಗೆ ವಜ್ರ, ಮೇಗೆ ಪಚ್ಚೆ, ಜೂನ್‌ಗೆ ಮುತ್ತು, ಜುಲೈಗೆ ಮಾಣಿಕ್ಯ, ಸೆಪ್ಟೆಂಬರ್‌ಗೆ ನೀಲ. (ಮುತ್ತು ಕಲ್ಲೇ ಅಲ್ಲ, ಸಿಂಪಿಯ ಒಳಗೆ ಬೆಳೆದದ್ದು ಎಂಬ ತಕರಾರನ್ನು ವ್ಯಾಪಾರಿಗಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.) ಆಮೇಲೂ ಪಟ್ಟಿ ನಿಂತಲ್ಲಿ ನಿಲ್ಲಲಿಲ್ಲ. 1952ರಲ್ಲಿ ತಿದ್ದುಪಡಿಯಾಗಿ ಕೆಲವು ಹರಳುಗಳು ಸೇರಿದವು, ಕೆಲವು ಹೋದವು. ಟಾಂಜಾನಿಯಾದಲ್ಲಿ 1967ರಲ್ಲಿ ಸಿಕ್ಕ ಒಂದು ನೀಲಿ ಹರಳಿಗೆ 'ಟಾಂಜನೈಟ್' ಎಂದು ಹೆಸರಿಟ್ಟದ್ದು ನ್ಯೂಯಾರ್ಕಿನ ಒಡವೆ ಸಂಸ್ಥೆ ಟಿಫಾನಿ. 2002ರಲ್ಲಿ ಅದು ಡಿಸೆಂಬರಿನ ಜನ್ಮರತ್ನವಾಯಿತು. 1967ಕ್ಕೆ ಮೊದಲು ಡಿಸೆಂಬರಿನಲ್ಲಿ ಹುಟ್ಟಿದವರು ತಮ್ಮ ರತ್ನದ ಹೆಸರೇ ಕೇಳದೆ ಬದುಕಿ ಹೋದರೆಂದು ಮರುಗಬೇಕೇ?

ನಮ್ಮ ದೇಶದ ನವರತ್ನದ ನಂಬಿಕೆ ಬೇರೆ ದಾರಿಯದು. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಮಂಗಳನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶನಿಗೆ ನೀಲ ಎಂದು ಅದು ಗ್ರಹಗಳಿಗೆ ಹೊಂದಿಕೊಂಡಿದೆ. ಜಾತಕದ ರಾಶಿಯಾದರೋ ಚಂದ್ರನನ್ನು ಅನುಸರಿಸಿ ಎರಡೂಕಾಲು ದಿನಕ್ಕೊಮ್ಮೆ ಬದಲಾಗುತ್ತದೆ. ಅಂದರೆ ಯಾವ ತಿಂಗಳನ್ನೇ ತೆಗೆದುಕೊಂಡರೂ ಅದರಲ್ಲಿ ಹನ್ನೆರಡು ರಾಶಿಯವರೂ ಹುಟ್ಟಿರುತ್ತಾರೆ. ಹೀಗಾಗಿ ಜೋಯಿಸರು ಹೇಳುವ ಹರಳೂ ಅಂಗಡಿ ಚೀಟಿಯ ಹರಳೂ ಒಂದಾಗುವುದು ಕೇವಲ ಆಕಸ್ಮಿಕ. ಆದರೂ ಇಂದು ಎರಡೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಮಾರಾಟಕ್ಕಿವೆ.

ಹೂವಿನ ಪಟ್ಟಿಯ ಬುಡ ಇನ್ನೂ ಸಡಿಲ. ಒಂದು ಕಡೆ ಆಗಸ್ಟ್‌ಗೆ ಗ್ಲಾಡಿಯೋಲಸ್ ಎಂದಿದ್ದರೆ ಇನ್ನೊಂದು ಕಡೆ ಗಸಗಸೆ ಹೂವು. ಇದರ ಹಿಂದಿರುವುದು 19ನೇ ಶತಮಾನದ ಯುರೋಪಿನಲ್ಲಿ ಹಬ್ಬಿದ 'ಹೂವಿನ ಭಾಷೆ'ಯ ಹುಚ್ಚು. ಅದರ ಕತೆ ಇಸ್ತಾಂಬುಲಿನಿಂದ ಶುರುವಾಗುತ್ತದೆ. ಉಸ್ಮಾನಿ ತುರ್ಕಿಯಲ್ಲಿ ಬ್ರಿಟಿಷ್ ರಾಯಭಾರಿಯ ಪತ್ನಿಯಾಗಿದ್ದ ಲೇಡಿ ಮೇರಿ ಮಾಂಟೆಗೂ 1717-18ರ ಸುಮಾರಿಗೆ ಊರಿಗೆ ಬರೆದ ಪತ್ರಗಳಲ್ಲಿ, ಹೂವು ಹಣ್ಣುಗಳನ್ನು ಗಂಟು ಕಟ್ಟಿ ಕಳಿಸಿ ಮನದ ಮಾತು ತಿಳಿಸುವ 'ಸಲಾಮ್' ಎಂಬ ಪದ್ಧತಿಯನ್ನು ವರ್ಣಿಸಿದರು. ಯುರೋಪು ಅದನ್ನು ಪ್ರೇಮಿಗಳ ಗುಪ್ತ ಲಿಪಿ ಎಂದು ತಿಳಿದು ಮರುಳಾಯಿತು. 1819ರಲ್ಲಿ ಶಾರ್ಲೋಟ್ ಡಿ ಲಾಟೂರ್ ಎಂಬ ಹೆಸರಿನಲ್ಲಿ ಪ್ಯಾರಿಸ್‌ನಿಂದ ಬಂದ ಪುಸ್ತಕ ಹೂವು ಹೂವಿಗೂ ಅರ್ಥ ಹಚ್ಚಿತು. ತುರ್ಕಿ ಬಲ್ಲ ವಿದ್ವಾಂಸ ಹ್ಯಾಮರ್ ಅದಕ್ಕೂ ಹತ್ತು ವರ್ಷ ಮೊದಲೇ ನಿಜ ಹೇಳಿದ್ದರು: ಅದು ಅಂತಃಪುರದ ಹೆಂಗಸರು ಹೊತ್ತು ಕಳೆಯಲು ಆಡುತ್ತಿದ್ದ ಪ್ರಾಸದಾಟ. ವಸ್ತುವಿನ ಹೆಸರಿಗೆ ಪ್ರಾಸ ಕೂಡುವ ಸಾಲನ್ನು ಊಹಿಸಬೇಕು, ಅಷ್ಟೆ. ಆದರೆ ಪ್ರಾಸದಾಟಕ್ಕಿಂತ ಗುಪ್ತ ಪ್ರೇಮ ಚೆನ್ನಾಗಿ ಮಾರಾಟವಾಗುತ್ತದೆ. ಅಲ್ಲಿಂದ ಹಬ್ಬಿದ ಅರ್ಥಗಳು ಇಂದು ನಮ್ಮ ಹುಡುಗರ ಕೈಗೆ ಚೀಟಿಯಾಗಿ ಬಂದಿವೆ. ಅದರಲ್ಲಿ ಮಾರ್ಚ್‌ಗೆ ಡ್ಯಾಫೋಡಿಲ್ ಇದೆ, ಸೆಪ್ಟೆಂಬರ್‌ಗೆ ಆಸ್ಟರ್ ಇದೆ. ಮಲ್ಲಿಗೆ ಇಲ್ಲ, ಸಂಪಿಗೆ ಇಲ್ಲ. ಅಕ್ಟೋಬರಿನ ಚೆಂಡುಹೂ, ನವೆಂಬರಿನ ಸೇವಂತಿಗೆ ಮಾತ್ರ ನಮ್ಮ ದಸರಾ ದೀಪಾವಳಿಯ ಹೊತ್ತಿಗೆ ಹೇಗೋ ಹೊಂದಿಕೊಂಡಿವೆ.

ಹೂವನ್ನೂ ರತ್ನವನ್ನೂ ಪ್ರೀತಿಸಲು ಕನ್ನಡ ನಾಡಿಗೆ ಯಾರ ಪಟ್ಟಿಯೂ ಬೇಕಿರಲಿಲ್ಲ. 1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ಹೆರಾತಿನ ಸುಲ್ತಾನ ಶಾಹ್‌ರುಖ್‌ನ ದೂತನಾಗಿ ವಿಜಯನಗರಕ್ಕೆ ಬಂದ ಅಬ್ದುರ್ರಝಾಕ್ ಎರಡನ್ನೂ ಒಂದೇ ಪೇಟೆಯಲ್ಲಿ ಕಂಡ. ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ರಾಶಿ ಹಾಕಿ ಮಾರುವುದನ್ನು ನೋಡಿ ಬೆರಗಾದ. ಇಲ್ಲಿಯ ಜನರಿಗೆ ಗುಲಾಬಿ ಅನ್ನದಷ್ಟೇ ಅಗತ್ಯವೆಂಬಂತೆ ಕಾಣುತ್ತದೆ ಎಂಬ ಅರ್ಥದ ಮಾತನ್ನೂ ಬರೆದಿಟ್ಟ. ಮುಡಿಯುವುದಕ್ಕೆ ಹುಟ್ಟಿದ ತಿಂಗಳು ಕೇಳುವ ಪದ್ಧತಿಯನ್ನು ಅವನು ಕಂಡಂತಿಲ್ಲ.

ಇಷ್ಟು ಹೇಳಿ, ಹರಳಿನ ನಂಬಿಕೆ ಬೇರೆಯವರದು ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಅಕೀಕ್ ಮತ್ತು ಫಿರೋಜಾ ಉಂಗುರಗಳಿಗೆ ಏನೇನೋ ಮಹಿಮೆ ಹೇಳಿ ಉರೂಸುಗಳಲ್ಲಿ ಮಾರುವುದನ್ನು ನಾವೆಲ್ಲ ನೋಡಿದ್ದೇವೆ. ಗುಜರಾತಿನ ಖಂಭಾತ್ ಶತಮಾನಗಳಿಂದ ಅಕೀಕ್ ಕೆಲಸಕ್ಕೆ ಹೆಸರಾದ ಊರು. ಮಾಸಲು ಕಲ್ಲನ್ನು ಮಡಕೆಯಲ್ಲಿಟ್ಟು ಬೆರಣಿ ಬೆಂಕಿಯಲ್ಲಿ ಕಾಯಿಸಿ ಅದಕ್ಕೆ ಕೆಂಪು ಬರಿಸುವುದು ಅಲ್ಲಿನ ಕುಶಲಕರ್ಮಿಗಳ ವಿದ್ಯೆ. ಆ ಕೆಂಪಿನಲ್ಲಿರುವುದು ದುಡಿದ ಕೈಯ ಮಹಿಮೆ. ಇನ್ನು ಬಾದಶಾಹ ಹುಮಾಯೂನ್ ಆಯಾ ವಾರದ ಗ್ರಹಕ್ಕೆ ತಕ್ಕ ಬಣ್ಣದ ಉಡುಪು ತೊಡುತ್ತಿದ್ದ. 1556ರಲ್ಲಿ ಅವನು ತನ್ನ ಗ್ರಂಥಾಲಯದ ಮೆಟ್ಟಿಲಿನಿಂದ ಜಾರಿ ಬಿದ್ದು ತೀರಿಕೊಂಡ. ಅಂದು ಸಂಜೆ ಮಹಡಿಯಲ್ಲಿ ನಡೆದಿದ್ದುದು ಶುಕ್ರೋದಯದ ಮಾತು.

ಪ್ರವಾದಿ(ಸ)ರಿಗೂ ಬೆಳ್ಳಿಯ ಉಂಗುರವಿತ್ತು, ಅದು ಮುದ್ರೆಯ ಉಂಗುರ. ಮುದ್ರೆಯಿಲ್ಲದ ಪತ್ರವನ್ನು ಅರಸರು ಓದುವುದಿಲ್ಲ ಎಂದು ತಿಳಿದಾಗ ಮಾಡಿಸಿದ್ದು. ಮುಂದೆ ಖಲೀಫಾ ಉಸ್ಮಾನ್(ರ)ರ ಕಾಲದಲ್ಲಿ ಅದು ಬಾವಿಗೆ ಬಿದ್ದು, ಮೂರು ದಿನ ಹುಡುಕಿದರೂ ಸಿಗಲಿಲ್ಲ. ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಗಿತ್ತು. ಜನ ಎರಡಕ್ಕೂ ನಂಟು ಹಚ್ಚಿದಾಗ, ಸೂರ್ಯ ಚಂದ್ರರಿಗೆ ಯಾರ ಹುಟ್ಟಿನಿಂದಲೂ ಸಾವಿನಿಂದಲೂ ಗ್ರಹಣ ಹಿಡಿಯುವುದಿಲ್ಲ ಎಂದು ಆ ದುಃಖದ ನಡುವೆಯೂ ಅವರು ತಿದ್ದಿದರು.

ರತ್ನಗಳ ಬಗ್ಗೆ ನಮಗೆ ಬಹಳ ಇಷ್ಟವಾದ ಪ್ರಸಂಗ ಅಲ್‌ಬಿರೂನಿಯದು. 11ನೇ ಶತಮಾನದ ಈ ವಿದ್ವಾಂಸ ಗಜನಿಯಲ್ಲಿದ್ದುಕೊಂಡು ರತ್ನಗಳ ಮೇಲೆ ದೊಡ್ಡ ಗ್ರಂಥ ಬರೆದ. ಪಚ್ಚೆಯನ್ನು ನೋಡಿದರೆ ಹಾವಿನ ಕಣ್ಣು ಹೋಗುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಬಿರೂನಿ ಹಾವನ್ನೇ ತಂದ. ಅದರ ಕೊರಳಿಗೆ ಪಚ್ಚೆಯ ಸರ ಹಾಕಿದ, ಬುಟ್ಟಿಯಲ್ಲಿ ಪಚ್ಚೆ ಹರಡಿದ, ಬಿಸಿಲು ಚಳಿ ಎನ್ನದೆ ಒಂಬತ್ತು ತಿಂಗಳು ಪರೀಕ್ಷಿಸಿದ. ಕಣ್ಣಿಗೆ ಅದನ್ನು ಕಾಡಿಗೆಯಾಗಿ ಹಚ್ಚುವುದೊಂದು ಬಾಕಿ ಉಳಿದಿತ್ತು. ಹಾವಿಗೆ ಏನೂ ಆಗಲಿಲ್ಲ, ದೃಷ್ಟಿ ಇನ್ನಷ್ಟು ಚುರುಕಾಗಿದ್ದರೆ ಆಗಿರಬಹುದು ಎಂದು ಬರೆದ.

ಒಂಬತ್ತು ತಿಂಗಳು ಎಂದಾಗ ನಮಗೆ ಅಟ್ಟದ ಕಾಯಿಯ ನೆನಪಾಗುತ್ತದೆ. ತಿಪಟೂರು ಸೀಮೆಯ ಉಂಡೆ ಕೊಬ್ಬರಿಗೆ ಬೇಕಾಗುವುದು ಹೆಚ್ಚೂ ಕಡಿಮೆ ಅಷ್ಟೇ ಕಾಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗುವ ತನಕ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ ಕಾಯಬೇಕು. ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡಬೇಕು. ಕೆಲವು ವರ್ಷಗಳ ಹಿಂದೆ ಇದೇ ಮನೆಯ ದೊಡ್ಡ ಮಗ ಸಾಲ, ಕಾಯಿಲೆ, ನುಸಿಪೀಡೆಗಳಿಂದ ಸೋತು ಕುಳಿತಿದ್ದಾಗ, ಊರೂರು ತಿರುಗುವ ಹರಳಿನ ವ್ಯಾಪಾರಿಯೊಬ್ಬ ಅವನ ಹುಟ್ಟಿದ ತಾರೀಕು ಕೇಳಿ, ಲೆಕ್ಕ ಹಾಕಿ, ಪುಷ್ಯರಾಗದ ಉಂಗುರ ಹಾಕಿದರೆ ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ ಎಂದ. ಅವನು ಕೊಟ್ಟ ತಾರೀಕೂ ಜೂನ್ ಒಂದೇ. ಕೊಬ್ಬರಿಯಾಗಲು ಇನ್ನೂ ನಾಲ್ಕು ತಿಂಗಳಿದ್ದ ಕಾಯಿಯನ್ನೆಲ್ಲ ಅಟ್ಟದಿಂದ ಇಳಿಸಿ ಸಿಕ್ಕ ಬೆಲೆಗೆ ಕೊಟ್ಟು ಉಂಗುರ ಕೊಂಡ. ಮುಂದೆ ಅಡವಿಡಲು ಹೋದಾಗ ಅಕ್ಕಸಾಲಿಗರು ಬೆಳ್ಳಿಯನ್ನು ತೂಗಿ, ಹರಳನ್ನು ಬಿಡಿಸಿ ಅವನ ಕೈಗೇ ಹಿಂದಿರುಗಿಸಿದರು. ಅದು ಹಳದಿ ಗಾಜು. ಅವನು ಆ ಗಾಜನ್ನು ಇನ್ನೂ ಇಟ್ಟುಕೊಂಡಿದ್ದಾನೆ. ಯಾಕೆಂದು ನಾವು ಕೇಳಲಿಲ್ಲ.

ಹಾಗೆಂದು ಹೂವಿಗೂ ಹರಳಿಗೂ ಅರ್ಥವೇ ಇಲ್ಲವೆಂದು ಹೇಳಲು ನಾವು ಸಿದ್ಧರಿಲ್ಲ. ನಮ್ಮೂರುಗಳ ಹೆಸರುಗಳನ್ನೇ ನೋಡಿ. ಒಂದೇ ಬೀದಿಯಲ್ಲಿ ರತ್ನಮ್ಮ, ಮುತ್ತಮ್ಮ, ಪುಷ್ಪ, ಕಮಲ. ನಾಲ್ಕು ಹೆಜ್ಜೆ ಮುಂದೆ ನರ್ಗಿಸ್, ಯಾಸ್ಮೀನ್, ನಸ್ರೀನ್, ಫಿರೋಜಾ, ಗೌಹರ್, ಅಲ್ಮಾಸ್. ಚೀಟಿಯ ಡ್ಯಾಫೋಡಿಲ್ ಕೂಡ ನರ್ಗಿಸ್‌ನ ಬಳಗದ್ದೇ. ಉರ್ದು ಕವಿಗಳಿಗೆ ನರ್ಗಿಸ್ ಎಂದರೆ ಕಣ್ಣು. ಹೆಣ್ಣು ಮಗು ಹುಟ್ಟಿತೆಂದು ಯಾರಾದರೂ ಮುಖ ಸಣ್ಣದು ಮಾಡಿಕೊಂಡ ಮನೆಯಲ್ಲೂ ಅಜ್ಜಿಯೊಬ್ಬಳು ಮುಂದೆ ಬಂದು ಇದು ಮುತ್ತು, ಇದು ರತ್ನ ಎಂದು ಕರೆದಿದ್ದಾಳೆ. ತಿಂಗಳು ನೋಡಿ ಕರೆದದ್ದಲ್ಲ.

ಮದುವೆ ಮನೆಯ ಮಾತಿಗೆ ಬರೋಣ. ಹುಡುಗ ಕೊನೆಗೆ ದಾದಿಯ ಬಳಿ ಹೋಗಿ ಕೂತ. ಶಾಲೆಗೆ ಹೋಗದ ಅವರಿಗೆ ಜೂನ್ ಒಂದರ ಕಾಟವಿರಲಿಲ್ಲ. ಯಾವ ತಿಂಗಳೋ ಗೊತ್ತಿಲ್ಲ, ಅಂಗಳದ ಮರದಲ್ಲಿ ಹೊಂಬಾಳೆ ಒಡೆದಿತ್ತು ಎಂದು ನಮ್ಮ ಅಮ್ಮಾ ಹೇಳುತ್ತಿದ್ದಳು ಎಂದರು. ಕೂತವರೆಲ್ಲ ನಕ್ಕರು. ಚೆನ್ನಾಗಿ ಸಾಕಿದ ತೆಂಗಿನ ಮರ ಒಂದೊಂದು ಗರಿಯ ಸಂದಿಗೆ ಒಂದರಂತೆ ವರ್ಷಕ್ಕೆ ಹನ್ನೆರಡರಷ್ಟು ಹೊಂಬಾಳೆ ಬಿಡುತ್ತದೆ, ಅಂದರೆ ತಿಂಗಳಿಗೊಂದು. ಹುಡುಗ ಚೀಟಿಯ ಹಿಂಬದಿಗೆ 'ದಾದಿ: ಹೊಂಬಾಳೆ' ಎಂದು ಬರೆದುಕೊಂಡ. ಮೇಷ್ಟ್ರು ತಮ್ಮದನ್ನೂ ಹಾಗೇ ತಿದ್ದಿ ಬರೆಯಲು ಹೇಳಿದರು.